ತೊಗಲಿನ ಮಾವ ತಂದ ಸುದ್ದಿ

ನಮ್ಮ ಸೋದರಮಾವನಷ್ಟು ಸುಳ್ಳು ಹೇಳುವವರು ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಇದ್ದರೆ ಅವರೂ ಅವನ ಹತ್ತಿರವೇ ಕಲಿತಿರಬೇಕು! ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಕುರಿ ತೊಗಲು ಕೊಂಡು ಸವಣೂರಿನ ಸಾಹೇಬರಿಗೆ ಮಾರುವುದು ಅವನ ಉದ್ಯೋಗ. ಅವನು ಬರುವ ಮೊದಲೇ ವಾಸನೆ ಬಂದು ಕಟ್ಟೆಯ ಮೇಲೆ ಕುಳಿತಿರುತ್ತಿತ್ತು. ಒಮ್ಮೆ ಬಸ್ಸಿನ ಕಂಡಕ್ಟರು, “ತೊಗಲು ಒಳಗ ಇರ್ಲಿ ಬಿಡ್ರಿ, ನೀವು ಮ್ಯಾಲ ಹತ್ರಿ!” ಎಂದನಂತೆ. ಮಾವ ಖುಷಿಯಿಂದ ಬಸ್ಸಿನ ಟಪ್ಪಿನ ಮೇಲೆ ಹತ್ತಿದ. ಅಲ್ಲಿ ಗಾಳಿ ಚಲೋ ಇತ್ತಂತೆ! ಈ ವಾಸನೆಗೆ ಹೆದರಿ ಅವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ.

ತೊಗಲಿಗಿಂತ ಭಾರವಾದದ್ದು ಅವನ ಇಬ್ಬರು ಅಕ್ಕಂದಿರ ಜಗಳ. ಒಬ್ಬಳು ಶಿಗ್ಗಾಂವಿಯ ನಮ್ಮವ್ವ, ಇನ್ನೊಬ್ಬಳು ಹಂಸಭಾವಿಯ ದೊಡ್ಡವ್ವ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಅವ್ವ ದೊಡ್ಡವ್ವನ ಉಡಿಗೆ ಒಂದು ಕುಪ್ಪಸದ ಖಣ ಹಾಕಿದಳು. ಅದು ಹಿಂದಿನ ವರ್ಷ ದೊಡ್ಡವ್ವನೇ ಅವ್ವನಿಗೆ ಕೊಟ್ಟಿದ್ದ ಖಣ! ದೊಡ್ಡವ್ವ ಉಣ್ಣದೇ ಎದ್ದು ಹೋದಳು. ನನಗೆ ಏಳು ವರ್ಷ ತುಂಬಿದರೂ ಇಬ್ಬರ ನಡುವೆ ಮಾತಿಲ್ಲ. ತೊಟ್ಟಿಲಲ್ಲಿದ್ದ ನನ್ನದೇನು ತಪ್ಪು, ನೀವೇ ಹೇಳಿ?

ಮಾವ ಹಂಸಭಾವಿಗೆ ಹೊರಟಾಗಲೆಲ್ಲ ಅವ್ವ ಹೇಳುತ್ತಿದ್ದಳು: “ಸತ್ರೂ ಆಕಿ ಹೊಸ್ತಿಲಾ ತುಳ್ಯೂದಿಲ್ಲ ಅಂತ ಹೇಳು.”

“ಇದ್ದದ್ದು ಇದ್ದಂಗ ಹೇಳ್ತೇನಿ ತಗೊ ಅಕ್ಕಾ.”

ತಿರುಗಿ ಬಂದು, “ದೊಡ್ಡಕ್ಕ ನಿನ್ನ ಕೆಮ್ಮು ಕಡಿಮಿ ಆತೇನಂತ ಕೇಳಿದ್ಲು. ಶೇಂಗಾ ಹಿಂಡಿ ಕಳಿಸ್ಯಾಳ” ಎನ್ನುತ್ತಿದ್ದ.

“ಯಾರಿಗೆ ಬೇಕಾಗಿತ್ತು!” ಎನ್ನುತ್ತಲೇ ಅವ್ವ ಆ ಚಟ್ನಿಹಿಂಡಿಯನ್ನು ರೊಟ್ಟಿಗೆ ಹಚ್ಚಿಕೊಂಡು ಉಣ್ಣುತ್ತಿದ್ದಳು.

ಒಂದು ದಿನ ಮಾವನಿಗೆ ವಿಷಮಜ್ವರ, ಉಳಿಯುವುದು ಕಷ್ಟ ಎಂಬ ಸುದ್ದಿ ಬಂತು. ಹಾನಗಲ್ಲಿನ ಅವನ ಮನೆಗೆ ಓಡಿದೆವು. ಹಾಸಿಗೆಯ ಆಚೆ ಆಗಲೇ ದೊಡ್ಡವ್ವ ಕುಳಿತಿದ್ದಳು. ಅವ್ವ ಈಚೆ ಕುಳಿತಳು. ಇಬ್ಬರೂ ತಮ್ಮನ ಒಂದೊಂದು ಕೈ ಹಿಡಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೊನೆಗೆ ದೊಡ್ಡವ್ವನೇ ಗೋಡೆ ನೋಡುತ್ತ ಅಂದಳು: “ನೀ ಕಳಿಸಿದ ಕುರಿ ತೊಗಲ ಮ್ಯಾಲ ಕುಂತು ನನ್ನ ಮೊಣಕಾಲ ನೋವು ಕಡಿಮಿ ಆತು ನೋಡವಾ.”

“ನಾ ಎಲ್ಲಿ ಕಳಿಸೇನಿ? ನೀನ ಹಿಂಡಿ ಕಳಿಸ್ತಿದ್ದಿಯಲ್ಲ ಅಕ್ಕಾ.”

“ನಾ ಯಾವಾಗ ಹಿಂಡಿ ಕುಟ್ಟಿ ಕಳಿಸೇನಿ?”

ಮೂಲೆಯಲ್ಲಿದ್ದ ಮಾವನ ಒರಳಿಗೆ ಶೇಂಗಾ ಹಿಂಡಿ ಇನ್ನೂ ಅಂಟಿಕೊಂಡಿತ್ತು. ಇಬ್ಬರೂ ಅದನ್ನು ನೋಡಿದರು, ಆಮೇಲೆ ತಮ್ಮನನ್ನು ನೋಡಿದರು. ಮಾವ ಕಣ್ಣು ಮುಚ್ಚಿಕೊಂಡೇ ಅಂದ:

“ಬೈಯೂದಿದ್ರ ಇಬ್ರೂ ಕೂಡೇ ಬೈರಿ.”

ಅವ್ವ ಬೈಯಲಿಲ್ಲ. ಎದ್ದು ಆಚೆ ಹೋಗಿ ದೊಡ್ಡವ್ವನ ಹೆಗಲಿಗೆ ಹಣೆ ಹಚ್ಚಿ ಗಳಗಳನೆ ಅತ್ತಳು. ದೊಡ್ಡವ್ವ ಅವಳ ಬೆನ್ನು ಸವರಿ, “ಆ ಖಣ ನನಗೂ ಯಾರೋ ಕೊಟ್ಟಿದ್ದ ಇತ್ತು, ಬಿಡವಾ” ಎಂದಳು.

ಮಾವ ಅಷ್ಟು ಜ್ವರದಲ್ಲೂ ನಕ್ಕ. ಇಬ್ಬರ ಕೈಗಳನ್ನೂ ಎದೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡು ನಿದ್ದೆ ಹೋದ. ಅವನು ಏಳುವವರೆಗೆ ಅವ್ವನಾಗಲಿ ದೊಡ್ಡವ್ವನಾಗಲಿ ಕೈ ತೆಗೆಯಲಿಲ್ಲ.