ಚಿರೋಟಿ ಹರಳು, ನವಿಲು ಗಡಿಯಾರ

ಬಸವನಗುಡಿಯ ಆ ಮನೆಯಲ್ಲಿ ಅಂಟುಟೇಪು ಯಾರಿಗೆ ಸೇರಿದ್ದೆಂಬ ವ್ಯಾಜ್ಯ ಮದುವೆಯಾದಂದಿನಿಂದ ಇತ್ಯರ್ಥವಾಗಿರಲಿಲ್ಲ. ಆರಾಧನಾಗೆ ಅದು ಹಪ್ಪಳದ ಪೊಟ್ಟಣದ ಬಾಯಿ ಮುಚ್ಚಲು ಬೇಕು. ಅವಳ ಗಂಡ ಆತ್ರೇಯನಿಗೆ ಭೌತಶಾಸ್ತ್ರಕ್ಕೆ ಬೇಕು.

ಆತ್ರೇಯ ಸಂಶೋಧನೆ ಮಾಡುವ ಹರಳು ಚಿರೋಟಿಯಂತೆ ಪದರ ಪದರ. ಟೇಪು ಅಂಟಿಸಿ ಕಿತ್ತರೆ ಒಂದಿಷ್ಟು ಪದರ ಎದ್ದು ಬರುತ್ತದೆ, ಮತ್ತೆ ಮತ್ತೆ ಕಿತ್ತರೆ ಇನ್ನೂ ತೆಳ್ಳಗಾಗುತ್ತದೆ. (ಪ್ರಯೋಗಾಲಯದಲ್ಲಿ ಎಂತೆಂಥ ಯಂತ್ರಗಳಿದ್ದರೂ ಈ ಕೆಲಸಕ್ಕೆ ಟೇಪೇ ಗತಿ.) ಅದನ್ನು ವಿಪರೀತ ತಣ್ಣಗಾಗಿಸಿದರೆ ಒಳಗಿನ ಎಲೆಕ್ಟ್ರಾನುಗಳ ನಡತೆಯೇ ಬದಲಾಗುತ್ತದೆ.

"ಮದುವೆ ಮನೇಲಿ ಜನ ಮನಸ್ಸಿಗೆ ಬಂದಂಗೆ ಓಡಾಡ್ತಿರ್ತಾರೆ. ಎಲೆ ಹಾಕಿದ ತಕ್ಷಣ ಸಾಲಾಗಿ ಕೂತ್ಬಿಡಲ್ವಾ? ಒಂದು ಸಾಲು ಜನ, ಒಂದು ಸಾಲು ಖಾಲಿ, ಮತ್ತೆ ಜನ, ಅಲೆ ಥರ. ಎಲೆಕ್ಟ್ರಾನುಗಳೂ ಹಾಗೇ ಕೂತ್ರೆ ಕರೆಂಟು ಹರಿಯೋದೇ ಕಷ್ಟ" ಎಂದು ಅವನು ಹೆಂಡತಿಗೆ ವಿವರಿಸಿದ್ದ.

"ಎಂಜಲೆಲೆ ಎತ್ತೋರು ಯಾರು?" ಎಂದಷ್ಟೇ ಅವಳು ಕೇಳಿದ್ದಳು.

ಆ ವಾರ ಅವನಿಗೆ ಜನ್ಮದಲ್ಲೇ ಸಿಕ್ಕಿರದಷ್ಟು ತೆಳುವಾದ ಪದರ ಸಿಕ್ಕಿತು. ಸೋಮವಾರ ಅದನ್ನು ತಣಿಸಿ ಅಳೆಯುವ ಸರದಿ. ತಪ್ಪಿದರೆ ಮುಂದಿನ ವರ್ಷ. ಹೆಂಡತಿಗೊಮ್ಮೆ ತೋರಿಸಿ ಭೇಷ್ ಅನ್ನಿಸಿಕೊಳ್ಳೋಣವೆಂದು ಮನೆಗೆ ತಂದು, ಟೇಪಿನ ಸಮೇತ ಊಟದ ಮೇಜಿನ ಅಂಚಿಗೆ ಅಂಟಿಸಿದ. ಅಲ್ಲೇ ಎಡವಟ್ಟಾಯಿತು.

ಭಾನುವಾರ ಚಾಮರಾಜಪೇಟೆಯ ಛತ್ರದಲ್ಲಿ ಆರಾಧನಾಳ ಚಿಕ್ಕಪ್ಪ ಶೀನಣ್ಣನವರ ಷಷ್ಟ್ಯಬ್ದಿ. ಉಡುಗೊರೆಗೆ ಅವಳು ಅಟ್ಟದಿಂದ ಇಳಿಸಿದ್ದು ನವಿಲಿನ ಆಕಾರದ ಗಡಿಯಾರ. ಬಾಲ ಒತ್ತಿದರೆ ಕೋಳಿಯಂತೆ ಕೂಗುತ್ತದೆ. ಗೃಹಪ್ರವೇಶಕ್ಕೆ ಯಾರೋ ಕೊಟ್ಟದ್ದು, ಯಾರೆಂದು ನೆನಪಿಲ್ಲ. ಹಳೇ ಬೆಂಗಳೂರಿನಲ್ಲಿ ಉಡುಗೊರೆಗಳಿಗೆ ಮರಣವಿಲ್ಲ, ಪುನರ್ಜನ್ಮ ಮಾತ್ರ.

"ಸುಮ್ನೆ ದಾಟಿಸ್ತಿಲ್ಲ, ಹೊಸ ಸೆಲ್ಲು ಹಾಕಿದೀನಿ" ಎಂದಳು, ಧರ್ಮಕ್ಕೆ ಚ್ಯುತಿ ಬಾರದಂತೆ.

ಛತ್ರದಲ್ಲಿ ಎಲೆ ಹಾಕಿದರು. ಜನ ಸಾಲಾಗಿ ಕೂತರು. ಕೋಸಂಬರಿ ಬಡಿಸುವಾಗ ಆತ್ರೇಯ ಮಾತಿಗೆ ಮಾತೆಂದು ಕೇಳಿದ: "ಮನೇಲಿ ಟೇಪು ಖಾಲಿಯಾಗಿತ್ತಲ್ಲ, ಹೇಗೆ ಪ್ಯಾಕ್ ಮಾಡ್ದೆ?"

"ನೀವೇ ಮೇಜಿಗೆ ಅಂಟಿಸಿಟ್ಟಿದ್ರಲ್ಲ, ಒಂದು ಗಲೀಜು ತುಂಡು. ಅದನ್ನೇ ಹಾಕ್ದೆ."

ಆ ಗಲೀಜೇ ಆತ್ರೇಯನ ಪದರ! ಊಟವಾದ ಕೂಡಲೇ ಶೀನಣ್ಣ ಎಲ್ಲವನ್ನೂ ಬಿಚ್ಚುತ್ತಾರೆ, ಕಾಗದ ಎಂಜಲೆಲೆಯ ಜೊತೆ ಕಸಕ್ಕೆ ಹೋಗುತ್ತದೆ. ಉಡುಗೊರೆಗಳ ಮೇಜೋ ಪಂಕ್ತಿಯ ಆ ಕೊನೆಯಲ್ಲಿ, ಗೋಡೆಗೊತ್ತಿ.

"ರೀ, ಪಂಕ್ತಿ ಮಧ್ಯೆ ಏಳ್ಬಾರ್ದು! ಕೂತ್ಕೊಳ್ರೀ!"

ಅವನು ಎದ್ದೇಬಿಟ್ಟ. ಜೋರಾಗಿ ದೂಡಿದರೆ ಎಲೆಕ್ಟ್ರಾನುಗಳ ಇಡೀ ಅಲೆಯೇ ಒಟ್ಟಿಗೆ ಜರುಗೀತೆಂದು ಅವನ ಭೌತಶಾಸ್ತ್ರವೂ ಹೇಳುತ್ತದೆ. ಗೋಡೆಗೂ ಕುರ್ಚಿಗಳಿಗೂ ನಡುವೆ ಅವನು ನುಸುಳಿದಂತೆಲ್ಲ ಸಾಲಿಗೆ ಸಾಲೇ ಗೊಣಗುತ್ತ ಮುಂದಕ್ಕೆ ಜರುಗಿತು.

ಪೊಟ್ಟಣ ಸಿಕ್ಕಿತು. ಉಸಿರು ಬಿಗಿಹಿಡಿದು ಟೇಪು ಕಿತ್ತ. ಹೊಳೆವ ಕಾಗದ ಒಂದಿಷ್ಟು ಪದರ ಹಿಡಿದುಕೊಂಡಿದ್ದರಿಂದ ಟೇಪಿನಲ್ಲಿ ಉಳಿದದ್ದು ಇನ್ನೂ ತೆಳ್ಳಗಾಗಿತ್ತು! ಆನಂದದಲ್ಲಿ ಹೆಬ್ಬೆರಳು ಎಲ್ಲಿ ಊರಿತೆಂದು ಅವನು ನೋಡಲಿಲ್ಲ.

"ಕೊಕ್ಕೊಕ್ಕೋ!"

ತುಪ್ಪ ಬಡಿಸುತ್ತಿದ್ದ ಚಿಕ್ಕಮ್ಮ ರಂಗನಾಯಕಿ ಸೌಟು ಹಿಡಿದೇ ಬಂದರು.

"ಅಯ್ಯೋ, ಇದು ನಮ್ಮ ನವಿಲಲ್ವಾ! ನಿಮ್ಮ ಗೃಹಪ್ರವೇಶಕ್ಕೆ ನಾವೇ ಕೊಟ್ಟಿದ್ವಲ್ಲ ಅಳಿಯಂದ್ರೇ?"

ಆತ್ರೇಯ ಟೇಪನ್ನು ಜೋಪಾನವಾಗಿ ಜೇಬಿಗಿಳಿಸಿ, ಕಾಗದವನ್ನೂ ಮಡಚತೊಡಗಿದ. ಅದರಲ್ಲೂ ಪದರವಿತ್ತಲ್ಲ!

"ಕಾಗದಾನೂ ಬಿಡಲ್ವಾ? ಹಾಗಾದ್ರೆ ನವಿಲ್ಯಾಕೆ ಬಿಡ್ತೀರಿ, ಅದನ್ನೂ ತಗೊಂಡ್ಹೋಗಿ" ಎಂದು ಚಿಕ್ಕಮ್ಮ ತಾಂಬೂಲದ ಚೀಲಕ್ಕೇ ಗಡಿಯಾರ ತುರುಕಿದರು.

ಆಟೋದಲ್ಲಿ ಆರಾಧನಾ ಚೀಲವನ್ನು ಅವನ ಮಡಿಲಿಗೆ ತಳ್ಳಿದಳು. ಅವನು ತಡೆಯಲಾರದೆ ಟೇಪನ್ನು ಬೆಳಕಿಗೆ ಹಿಡಿದ.

"ನೋಡು, ಇಷ್ಟು ತೆಳ್ಳಗಿರೋದು ಪ್ರಪಂಚದಲ್ಲೇ ಇನ್ನೊಂದು ಇರಲಾರದು!"

"ನಮ್ಮ ಮರ್ಯಾದೆಗಿಂತಾನಾ?"

ಅಳೆಯದೆ ಉತ್ತರ ಕೊಡುವುದು ವಿಜ್ಞಾನಿಗೆ ತಕ್ಕುದಲ್ಲವೆಂದು ಆತ್ರೇಯ ಟೇಪನ್ನು ಮತ್ತೆ ಜೇಬಿಗಿಳಿಸಿದ. ಆಟೋ ಹಂಪು ಹಾರಿತು. ಚೀಲದೊಳಗಿನ ನವಿಲು ಕೂಗಿತು.