ಫುಟ್‌ಪಾತ್ ಸ್ಕ್ರೂಡ್ರೈವರ್ ಕುರಿತ ಅಂತಿಮ ತೀರ್ಮಾನ

ಹವ್ಯಾಸಿ ಗಡಿಯಾರ ದುರಸ್ತಿ ಸಂಘವು ಸ್ಥಾಪನೆಯಾದಂದಿನಿಂದ ಒಂದು ಗಡಿಯಾರವನ್ನೂ ಕೆಡಿಸಿಲ್ಲ. ಒಂದನ್ನೂ ಬಿಚ್ಚದಿದ್ದುದೇ ಇದಕ್ಕೆ ಕಾರಣವೆಂಬ ಟೀಕೆಯನ್ನು ಕಾರ್ಯದರ್ಶಿಯಾದ ನಾನು ಗಮನಿಸಿದ್ದೇನೆ, ಮಾನ್ಯ ಮಾಡಿಲ್ಲ. ಸೂಕ್ಷ್ಮ ಕೆಲಸಕ್ಕೆ ಅಗ್ಗದ ಉಪಕರಣ ಸಾಕೋ, ದುಬಾರಿಯದೇ ಬೇಕೋ ಎಂಬುದು ಇತ್ಯರ್ಥವಾಗುವವರೆಗೆ ಯಾರೂ ಯಾವ ಗಡಿಯಾರಕ್ಕೂ ಕೈ ಹಾಕಕೂಡದೆಂದು ಮೊದಲ ಸಭೆಯಲ್ಲೇ ನಿರ್ಣಯವಾಗಿತ್ತು.

ಹೀಗೆ ಸಂಘ ನೆಮ್ಮದಿಯಾಗಿರುವಾಗ ನನ್ನ ಅಕ್ಕ, ತೀರಿಕೊಂಡ ಭಾವನ ಕೈಗಡಿಯಾರವನ್ನು ತಂದಳು. ದಿನಾ ಅದಕ್ಕೆ ಕೀ ಕೊಟ್ಟು, ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು. ಈಗ ಅದು ನಾಲ್ಕು ಹತ್ತಕ್ಕೆ ನಿಂತುಬಿಟ್ಟಿತ್ತು.

"ಟೈಮ್ ನೋಡೋಕೆ ಗೋಡೆ ಗಡಿಯಾರ ಇದೆ ಕಣೋ. ನಂಗೆ ಇದರ ಸದ್ದು ಬೇಕು," ಎಂದಳು.

ಸ್ವಂತ ಅಕ್ಕನಾದ್ದರಿಂದ ನಿಯಮ ಮೀರುವಂತಿರಲಿಲ್ಲ, ಸ್ವಜನಪಕ್ಷಪಾತವಾಗುತ್ತಿತ್ತು. ಆದ್ದರಿಂದ ಗಡಿಯಾರವನ್ನು ದುರಸ್ತಿಗಲ್ಲ, ಉಪಕರಣಗಳ ತನಿಖೆಗೆಂದು ಸ್ವೀಕರಿಸಲಾಯಿತು. ಅಗ್ಗದ ಪಕ್ಷದ ಪರವಾಗಿ ನಾನು ಫುಟ್‌ಪಾತಿನಲ್ಲಿ ಕೊಂಡ ಸ್ಕ್ರೂಡ್ರೈವರ್ ಹಿಡಿದೆ. ದುಬಾರಿ ಪಕ್ಷದ ನಾಯಕರು ನಮ್ಮ ಅಧ್ಯಕ್ಷರು, ನಿವೃತ್ತ ದಂತವೈದ್ಯರು. ಅವರ ಸ್ಕ್ರೂಡ್ರೈವರ್ ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಮುಟ್ಟುವ ಮೊದಲು ಕೈ ತೊಳೆಯಬೇಕು, ಮುಟ್ಟಿದ ಮೇಲೆ ಅದನ್ನು ತೊಳೆಯಬೇಕು.

ನಾನು ಹಿಂಬದಿಯ ಮುಚ್ಚಳ ತೆಗೆದು, ಒಳಗಿನ ಪುಟ್ಟ ತಗಡನ್ನು ಹಿಡಿದಿದ್ದ ಸ್ಕ್ರೂ ಬಿಚ್ಚಿದೆ. ಚಕ್ರದ ಹಲ್ಲಿಗೆ ಬಟ್ಟೆಯ ಎಳೆಯೊಂದು ಸುತ್ತಿಕೊಂಡಿತ್ತು. ಚಿಮಟದಿಂದ ಅದನ್ನು ತೆಗೆದು, ಸ್ಕ್ರೂ ಬಿಗಿದೆ. ಗಡಿಯಾರ ಟಿಕ್ ಟಿಕ್ ಎಂದಿತು. ಅಕ್ಕ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಕೈ ಚಾಚಿದಳು.

"ಸ್ವಲ್ಪ ತಡೀರಿ ಅಮ್ಮ," ಎಂದರು ಅಧ್ಯಕ್ಷರು. "ರಿಪೇರಿ ಆಯ್ತು, ತನಿಖೆ ಆಗಿಲ್ಲ. ನಮ್ಮದಕ್ಕೂ ಇದೇ ಅವಕಾಶ ಸಿಗಬೇಕಲ್ಲ."

ಮಾತು ನ್ಯಾಯವಾಗಿತ್ತು. ಸಮಾನ ಅವಕಾಶವೆಂದರೆ ಸಮಾನ ದೋಷ. ಹಾಗಾಗಿ ಸ್ಕ್ರೂ ಮತ್ತೆ ಬಿಚ್ಚಿ, ಎಳೆಯನ್ನು ಮರಳಿ ಚಕ್ರಕ್ಕೆ ಸುತ್ತಿ, ಸ್ಕ್ರೂ ಬಿಗಿದು, ಮುಳ್ಳುಗಳನ್ನು ನಾಲ್ಕು ಹತ್ತಕ್ಕೆ ತಿರುಗಿಸಿ ಅಧ್ಯಕ್ಷರಿಗೆ ಕೊಡಲಾಯಿತು. ಅವರು ಬಿಚ್ಚಿದರು, ಎಳೆ ತೆಗೆದರು, ಗಡಿಯಾರ ಓಡಿತು. ಸ್ಕ್ರೂವನ್ನು ನಾನು ಮೊದಲೇ ಸಡಿಲ ಮಾಡಿದ್ದರಿಂದ ಇದು ಸಾಧ್ಯವಾಯಿತೆಂದು ಅಗ್ಗದ ಪಕ್ಷ ಆಕ್ಷೇಪಿಸಿತು. ಎಳೆ ಮತ್ತೆ ಒಳಗೆ ಹೋಯಿತು. ನಾನು ತೆಗೆದೆ. ನನ್ನ ಕೈ ನಡುಗಿತೆಂದು ಅವರು ಆಕ್ಷೇಪಿಸಿದರು. ಎಳೆ ಮತ್ತೆ ಒಳಗೆ ಹೋಯಿತು. ಒಂದು ಹಂತದಲ್ಲಿ ಎಳೆಯೇ ತುಂಡಾಗಿ, ಅಕ್ಕನ ಕರವಸ್ತ್ರದಿಂದ ಹೊಸದನ್ನು ಪಡೆಯಬೇಕಾಯಿತು.

ಗಡಿಯಾರ ಓಡಿದಾಗಲೆಲ್ಲ ಅಕ್ಕ ಕೈ ಚಾಚುತ್ತಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು; ಆದರೆ ಸಭೆ ನಡೆಯುವಾಗ ಕಾರ್ಯದರ್ಶಿ ನಾಚಿಕೆಪಡಲು ನಿಯಮದಲ್ಲಿ ಅವಕಾಶವಿಲ್ಲ.

ಸಂಜೆಯ ಹೊತ್ತಿಗೆ ಸ್ಕ್ರೂವಿನ ತಲೆ ಸವೆದು ನುಣ್ಣಗಾಯಿತು. ನನ್ನದು ಜಾರಿತು. ಅಧ್ಯಕ್ಷರದೂ ಜಾರಿತು. ಎಳೆ ಒಳಗೇ ಉಳಿಯಿತು. ಅಗ್ಗದ ಹಾಗೂ ದುಬಾರಿ ಉಪಕರಣಗಳು ಸರಿಸಮಾನವೆಂಬ ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು. ಹಳೆಯ ಮನಸ್ತಾಪ ಮರೆತು ಎರಡೂ ಪಕ್ಷದವರು ಕೈ ಕುಲುಕಿದರು.

ಅಕ್ಕ ಗಡಿಯಾರವನ್ನು ಕಿವಿಗೆ ಹಿಡಿದಳು. "ಇಷ್ಟು ಸಲ ಓಡ್ತಲ್ಲ," ಎಂದಳು. "ಯಾವುದಾದ್ರೂ ಒಂದು ಸಲ ನನ್ನ ಕೈಗೆ ಕೊಡಬಹುದಿತ್ತು."

ಸಂಘ ಕೃತಘ್ನವಲ್ಲ. ಅಕ್ಕನನ್ನು ಗೌರವ ಸಮಯಪಾಲಕಿಯಾಗಿ ನೇಮಿಸಿ, ಭಾವನ ಗಡಿಯಾರವನ್ನೇ ಸಂಘದ ಅಧಿಕೃತ ಗಡಿಯಾರವೆಂದು ಘೋಷಿಸಲಾಯಿತು. ಈಗ ನಮ್ಮ ಸಭೆಗಳು ನಾಲ್ಕು ಹತ್ತಕ್ಕೆ ಶುರುವಾಗಿ ನಾಲ್ಕು ಹತ್ತಕ್ಕೇ ಮುಗಿಯುತ್ತವೆ. ಯಾರೂ ತಡವಾಗಿ ಬಂದ ದಾಖಲೆಯಿಲ್ಲ. ಅಕ್ಕ ಗಡಿಯಾರವನ್ನು ಕಿವಿಗಿಟ್ಟುಕೊಂಡು ಕೂತಾಗ ನಾನೂ ಅಧ್ಯಕ್ಷರೂ ಸರದಿಯ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೇಜಿಗೆ ಟಿಕ್ ಟಿಕ್ ಎಂದು ಬಡಿಯುತ್ತೇವೆ. ಈ ಕೆಲಸಕ್ಕೆ ಅಗ್ಗದ್ದು ಸಾಕೋ, ದುಬಾರಿಯದು ಬೇಕೋ ಎಂದು ತೀರ್ಮಾನಿಸಲು ಉಪಸಮಿತಿ ರಚನೆಯಾಗಿದ್ದು, ಅಕ್ಕನೇ ಅದರ ಏಕೈಕ ಸದಸ್ಯೆ. ಅವಳು ಇನ್ನೂ ತೀರ್ಪು ಕೊಟ್ಟಿಲ್ಲ. ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ ಬಡೀರಿ," ಅನ್ನುತ್ತಾಳೆ.