ದಕ್ಷಿಣ ಧ್ರುವದ ಮೀನಿಗೆ, ಕುರ್ಲಾದ ತಿಗಣೆಪುಡಿಯ ವಿಚಾರವಾಗಿ

ಕುರ್ಲಾ, ಮುಂಬಯಿ
ಮೇ ೧೯೭೨

ದಕ್ಷಿಣ ಧ್ರುವದ ಹಿಮಸಮುದ್ರದ ತಳದಲ್ಲಿ ವಾಸವಾಗಿರುವ ಮಾನ್ಯ ಮೀನಿನವರ ಸನ್ನಿಧಿಗೆ,

ಮಾನ್ಯರೇ,

ನಮ್ಮ ಚಾಳಿನ ಸಮಸ್ತ ನಿವಾಸಿಗಳ ಪರವಾಗಿ, ಅವರಲ್ಲಿ ಒಬ್ಬರೂ ನನ್ನನ್ನು ಹಾಗೆ ಕೇಳಿಕೊಳ್ಳದಿದ್ದರೂ, ತಮಗೆ ಅನಂತ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ನಾವೆಲ್ಲ ಇಲ್ಲಿ ಕ್ಷೇಮ. ತಾವೂ ಅಲ್ಲಿ ಕ್ಷೇಮವಾಗಿರುವಿರೆಂದು ನಂಬುತ್ತೇನೆ ಎಂದು ಇದರ ಹಿಂದೆಯೇ ಬರೆಯುವುದು ನಮ್ಮಲ್ಲಿ ಪದ್ಧತಿ. ಆದರೆ ಆ ಒಂದು ಸಾಲಿಗೆ ಬಂದಾಗ ನನ್ನ ಪೆನ್ನು ಹಿಂಜರಿಯುತ್ತಿರುವುದರಿಂದ ಅದನ್ನು ಪತ್ರದ ಕೊನೆಗೆ ತಳ್ಳಿದ್ದೇನೆ. ಕ್ಷಮೆಯಿರಲಿ.

ನನ್ನ ಹೆಸರು ಚೆನ್ನಯ. ಉಡುಪಿಯ ಕಡೆಯವನು. ವಿಲೆ ಪಾರ್ಲೆಯ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೇನೆಂದು ಊರಿನಲ್ಲಿ ತಂದೆಯವರು ಎಲ್ಲರಿಗೂ ಹೇಳಿಕೊಂಡಿದ್ದಾರೆ, ಅವರ ಮಾತನ್ನು ಸುಳ್ಳು ಮಾಡಬಾರದೆಂದು ಆಗಾಗ ಕಾಲೇಜಿಗೆ ಹೋಗುತ್ತೇನೆ. ಹಾಗೆ ಹೋದ ಒಂದು ಮಧ್ಯಾಹ್ನ, ಫ್ಯಾನು ಇರುವುದು ಲೈಬ್ರರಿಯಲ್ಲಿ ಮಾತ್ರವಾದ್ದರಿಂದ ಅಲ್ಲಿ ಕುಳಿತು, ನಿದ್ದೆಗೆ ಅನುಕೂಲವಾಗಲೆಂದು ಮುಖದ ಮೇಲೆ ಹರಡಿಕೊಂಡ ಪರದೇಶದ ಪತ್ರಿಕೆಯೊಂದರಲ್ಲಿ ತಮ್ಮ ಸಮಾಚಾರ ಓದಿದೆ. ತಮ್ಮ ನೆಂಟರಿಷ್ಟರಲ್ಲಿ ಕೆಲವರ ರಕ್ತಕ್ಕೆ ಬಣ್ಣವೇ ಇಲ್ಲವಂತೆ. ಈ ಸಂಗತಿಯನ್ನು ನಮ್ಮ ಚಾಳಿನ ತಿಗಣೆಗಳಿಗೆ ನಾನು ಇನ್ನೂ ತಿಳಿಸಿಲ್ಲ. ಅವುಗಳ ಮನಸ್ಸಿಗೆ ನೋವಾದೀತು. ಆದರೆ ನನ್ನ ನಿದ್ದೆ ಹಾರಿಸಿದ್ದು ಅದಲ್ಲ. ಯಾವ ಮನುಷ್ಯನೂ ಪಂಪು ಹಿಡಿದು ಬಾರದ, ಸೊಳ್ಳೆಯಾಗಲಿ ತಿಗಣೆಯಾಗಲಿ ಸಂಸಾರ ಹೂಡದ ಆ ಹಿಮದ ನಾಡಿನಲ್ಲಿ ತಮ್ಮ ಕೊಬ್ಬಿನೊಳಗೆ, ತಮ್ಮಂಥವರನ್ನು ತಿಂದು ಬದುಕುವ ಪೆಂಗ್ವಿನ್ನುಗಳ ಕೊಬ್ಬಿನೊಳಗೆ, ಡಿ.ಡಿ.ಟಿ. ಪುಡಿ ಸಿಕ್ಕಿದೆಯೆಂದು ವಿಜ್ಞಾನಿಗಳು ಬರೆದಿದ್ದರು.

ಮಾನ್ಯರೇ, ನಮ್ಮ ಮೊದಲನೆಯ ದೂರು ಇದೇ. ಆ ಪುಡಿ ಕುರ್ಲಾದ ತಿಗಣೆಗಳದ್ದು. ಅವುಗಳ ಹೆಸರಿನಲ್ಲಿ ಮಂಜೂರಾಗಿ, ಅವುಗಳ ಸಲುವಾಗಿಯೇ ಮಂಚದ ಸಂದುಗಳಿಗೆ ತುಂಬಿದ ವಸ್ತುವನ್ನು, ಇಲ್ಲಿ ಒಂದು ರೇಷನ್ ಕಾರ್ಡೂ ಇಲ್ಲದ ತಾವು ಯಾವ ಹಕ್ಕಿನಿಂದ ಇಟ್ಟುಕೊಂಡಿದ್ದೀರಿ? ಇತ್ತ ತಿಗಣೆಗಳಿಗೆ ಅದು ಸಾಲುತ್ತಿಲ್ಲ. ಕೆಳಗಿನ ಖೋಲಿಯ ಕರೀಮಸಾಬರು ವಿಜಾಪುರದ ಕಡೆಯವರು, ಗಾದಿ ಹೊಲಿಯುವುದು ಅವರ ಕಸುಬು, ತಿಗಣೆಗಳ ಮನೆವಾರ್ತೆ ಅವರಷ್ಟು ಬಲ್ಲವರಿಲ್ಲ. "ಪುಡಿ ಹೊಡದ ಮ್ಯಾಲೆ ನಾಕ್ ದಿನ ಸುಮ್ಮ ಕುಂತಿರ್ತಾವ್ರೀ, ಆಮ್ಯಾಲೆ ಮಕ್ಕಳು ಮರಿ ಕಟಗೊಂಡ ಬರ್ತಾವ" ಎಂದು ಅವರು ಹೇಳುತ್ತಾರೆ. ಸಾಯಬೇಕಾದವರು ಮೈ ತುಂಬಿಕೊಂಡು ಓಡಾಡುತ್ತಿರುವಾಗ ಕೇಳದೆ ಇದ್ದ ತಮ್ಮ ಮನೆಗೆ ಪುಡಿ ತಲುಪಿದ್ದನ್ನು ನೋಡಿದರೆ, ನಮ್ಮ ಅಂಚೆಯ ಪದ್ಧತಿಯನ್ನು ಯಾರೋ ಪುಡಿಗೂ ಕಲಿಸಿರಬೇಕು.

ಅದು ಅಲ್ಲಿಗೆ ಹೇಗೆ ಬಂತೆಂದು ತಾವು ಕೇಳಬಹುದು. ನಾನು ಓದಿ ತಿಳಿದಷ್ಟು ಹೇಳುತ್ತೇನೆ. ಗಾಳಿಯೋ ನೀರೋ ಅದನ್ನು ಹೊತ್ತು ಸಮುದ್ರಕ್ಕೆ ಹಾಕುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಪಾಚಿ ಅದನ್ನು ಚೂರು ಹೀರುತ್ತದೆ, ಆ ಹಸಿರನ್ನು ಬೊಗಸೆಗಟ್ಟಲೆ ಸಿಗಡಿಯ ಜಾತಿಯವರು ತಿನ್ನುತ್ತಾರೆ, ಸಿಗಡಿಗಳನ್ನು ರಾಶಿಗಟ್ಟಲೆ ತಾವು ತಿನ್ನುತ್ತೀರಿ. ತಿಂದದ್ದು ಕರಗಿ ಹೋಗುತ್ತದೆ, ಪುಡಿ ಮಾತ್ರ ಹೋಗುವುದಿಲ್ಲ. ಸಂಜೆ ವಿ.ಟಿ. ಸ್ಟೇಷನ್ನಿನಿಂದ ಹೊರಟ ಲೋಕಲ್ ರೈಲನ್ನು ತಾವು ನೋಡಿಲ್ಲ. ಮಸ್ಜಿದ್‌ನಲ್ಲಿ ಹತ್ತುತ್ತಾರೆ, ಭಾಯಖಳಾದಲ್ಲಿ ಹತ್ತುತ್ತಾರೆ, ದಾದರಿನಲ್ಲಿ ಹತ್ತುತ್ತಾರೆ, ಇಳಿಯುವವನು ಒಬ್ಬನೂ ಇರುವುದಿಲ್ಲ. ಕುರ್ಲಾಕ್ಕೆ ಬರುವ ಹೊತ್ತಿಗೆ ನಮ್ಮ ರೈಲುಡಬ್ಬಿ ಇರುವ ಸ್ಥಿತಿಯೇ ತಮ್ಮ ಕೊಬ್ಬಿನ ಸ್ಥಿತಿಯೆಂದು ತಿಳಿಯಬೇಕು. ಅದೂ ತಾವು ಚಳಿಯಲ್ಲಿ ನಿಧಾನವಾಗಿ ಬೆಳೆದು ಬಹುಕಾಲ ಬಾಳುವವರು. ನೂಕುನುಗ್ಗಲನ್ನು ಇಷ್ಟು ವರ್ಷ ಒಂದು ಬೈಗುಳವಿಲ್ಲದೆ ತಡೆದುಕೊಂಡ ಪ್ರಯಾಣಿಕರನ್ನು ಈ ನಗರ ಇನ್ನೂ ಕಂಡಿಲ್ಲ. ತಮ್ಮನ್ನು ಅಭಿನಂದಿಸುತ್ತೇನೆ.

ಇಷ್ಟೇ ಆಗಿದ್ದರೆ ತಮ್ಮ ಅಮೂಲ್ಯ ಸಮಯವನ್ನು ನಾನು ಹಾಳು ಮಾಡುತ್ತಿರಲಿಲ್ಲ. ಎರಡನೆಯ ಸಂಗತಿ ನಮ್ಮ ಮಾಳಿಗೆಯದು.

ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಅಕ್ಕು ಎಂಬವರು, ಹೋಟೆಲಿನ ಕೆಲಸದ ನಮ್ಮ ಕಡೆಯ ಹುಡುಗರಿಗೂ ನನ್ನಂಥ ಅನಾಥ ವಿದ್ಯಾರ್ಥಿಗಳಿಗೂ ತಮ್ಮ ಖೋಲಿಯಲ್ಲಿ ಮೀನಿನ ಊಟ ಹಾಕುತ್ತಾರೆ. ಮಳೆ ಹಿಡಿದರೆ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆದ್ದರಿಂದ ಮೇ ತಿಂಗಳಲ್ಲೇ ಬೊಂಬಿಲ್, ಬಂಗುಡೆ, ನಂಗು ಮೀನುಗಳೆಲ್ಲವೂ ಚಾಳಿನ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಒಣಗುತ್ತವೆ. ಈ ವರ್ಷ ಅದರ ಅಗತ್ಯ ಇನ್ನೂ ಹೆಚ್ಚು. ದೊಡ್ಡಮ್ಮನ ಮಗ ದೂಜ ಬಾಂದ್ರಾದ ಹೋಟೆಲೊಂದರಲ್ಲಿದ್ದಾನೆ, ಅವನ ಹೆಂಡತಿ ಶೀಲಾವತಿ ಬಸುರಿ. ಅನ್ನ ಕಂಡರೆ ವಾಕರಿಕೆ, ಹಾಲು ಕಂಡರೆ ಮುಖ ತಿರುಗಿಸುತ್ತಾಳೆ. ಒಣಮೀನಿನ ಚಟ್ನಿಯೊಂದೇ ಅವಳ ಗಂಟಲಲ್ಲಿ ಇಳಿಯುವುದು. ಮೊದಲ ಮೊಮ್ಮಗು ಬರುವ ಮನೆಯಲ್ಲಿ ಆ ಚಟ್ನಿಗೆ ಎಂಥ ಮರ್ಯಾದೆ ಇದ್ದೀತೆಂದು ತಾವೇ ಊಹಿಸಬಹುದು.

ಒಣಮೀನಿಗೆ ನೊಣ ಮುತ್ತುವುದು ಸ್ವಾಭಾವಿಕ. ನಮ್ಮ ಚಾಳಿನ ಕಮಿಟಿಯ ಸೆಕ್ರೆಟರಿ ರಮಾನಾಥರು, ಪ್ರತಿ ಬೆಳಿಗ್ಗೆ ಗ್ಯಾಲರಿಯಲ್ಲಿ ನಿಂತು ಪೇಪರನ್ನು ಗಟ್ಟಿಯಾಗಿ ಓದಿ ಇಡೀ ಚಾಳನ್ನು ತಿದ್ದುವ ಮಹನೀಯರು, ಎಲ್ಲಿಂದಲೋ ಡಿ.ಡಿ.ಟಿ. ಪುಡಿಯ ದೊಡ್ಡ ಡಬ್ಬಿಯೊಂದನ್ನು ತಂದು, ತಿಗಣೆಗೆಂದು ಖೋಲಿಗೊಂದು ಚಮಚದಂತೆ ಹಂಚಿ, ಉಳಿದದ್ದನ್ನು ಡಬ್ಬಿಯ ಸಮೇತ ದೊಡ್ಡಮ್ಮನ ಸುಪರ್ದಿಗೆ ಕೊಟ್ಟರು. ದೊಡ್ಡಮ್ಮ ಅದನ್ನು ಮಾಳಿಗೆಗೆ ಒಯ್ದು, ನೊಣ ಬಾರದಿರಲೆಂದು ಮೀನಿನ ಮೇಲೆ ಉದುರಿಸಿದರು. ರಂಗೋಲಿ ಹಾಕುವವರ ಕೈಯಿಂದಲೂ ಅಷ್ಟು ಹದವಾಗಿ ಬೀಳಲಾರದು. ಪುಡಿಗೂ ಉಪ್ಪಿಗೂ ನೋಡಲು ವ್ಯತ್ಯಾಸವಿಲ್ಲ. ವಾರವಾದ ಮೇಲೆ ನಾನು ಮೇಲೆ ಹೋಗಿ ಅದನ್ನು ಕಂಡು ಗಾಬರಿಯಾದಾಗ ಅವರು ಬಹಳ ಹೆಮ್ಮೆಯಿಂದ, "ಎಂತ ನೋಡ್ತಿ ಮಾರಾಯಾ, ಒಂದು ನೊಣ ಮುಟ್ಟುದಿಲ್ಲ, ಅಷ್ಟು ಕ್ಲೀನ್" ಎಂದರು.

ಮಾನ್ಯರೇ, ತಾವು ಇಷ್ಟು ಸಿಗಡಿ ತಿಂದು, ಇಷ್ಟು ಕಾಲ ಕಾದು ಗಳಿಸಿದ್ದನ್ನು ನಮ್ಮ ಬೊಂಬಿಲ್ ಸತ್ತ ಮೇಲೆ ಒಂದೇ ಮಧ್ಯಾಹ್ನದಲ್ಲಿ ಗಳಿಸಿತು. ಈ ಅವಮಾನಕ್ಕಾಗಿ ತಮ್ಮ ಕ್ಷಮೆ ಕೇಳುತ್ತೇನೆ.

ಧ್ರುವದ ಸಮಾಚಾರವನ್ನು ನಾನು ದೊಡ್ಡಮ್ಮನಿಗೆ ಒಡನೆಯೇ ಹೇಳಿದೆ. ಅವರು ನಂಬಲಿಲ್ಲ. ಅದರಲ್ಲಿ ಅವರ ತಪ್ಪಿಲ್ಲ. ಏಪ್ರಿಲ್ ಒಂದರಂದು ಸಾರ್ವಜನಿಕ ನಲ್ಲಿಯಲ್ಲಿ ಹಾಲು ಬಿಡುತ್ತಾರಂತೆ ಎಂಬ ಸುದ್ದಿಯನ್ನು ನಾನು ಬಹಳ ಗಂಭೀರವಾಗಿ ಪ್ರಕಟಿಸಿದ್ದಾಗ ತಪ್ಪಲೆ ಹಿಡಿದು ಸಾಲಿನಲ್ಲಿ ಮೊದಲು ನಿಂತವರು ಅವರೇ. ಸರಕಾರದವರೇ ಹೇನಿಗೆಂದು ಮಕ್ಕಳ ತಲೆಯ ಮೇಲೆ ಉದುರಿಸಿ ಹೋದ ಪುಡಿ ವಿಷವಾಗುವುದು ಹೇಗೆ, ಅದೂ ಭೂಮಿಯ ತುದಿಯ ಮೀನಿನ ಹೊಟ್ಟೆಗೆ ಹೋಗುವುದು ಹೇಗೆ ಎಂದು ಅವರು ಕೇಳಿದರು. ರಮಾನಾಥರಂತೂ, ಆ ಮೀನನ್ನು ಇಲ್ಲಿಗೆ ಕರೆದು ತಾ, ಅದು ಬಂದು ಹೇಳಿದರೆ ಒಪ್ಪೋಣ ಎಂದು ಗ್ಯಾಲರಿಯಿಂದಲೇ ತೀರ್ಪು ಕೊಟ್ಟರು. ಆಗಲೇ ತಮಗೆ ಒಂದು ಪತ್ರ ಬರೆಯಬೇಕೆಂದು ನಾನು ನಿಶ್ಚಯಿಸಿದ್ದು. ತಾವು ದಯಮಾಡಿ ಬರಬೇಕು. ಭಾವುಚಾ ಧಕ್ಕಾ ಬಂದರಿನಲ್ಲಿ ಇಳಿದರೆ ಮೀನು ಮಾರುವ ಹೆಂಗಸರ ಕಣ್ಣಿಗೆ ಬೀಳದ ಹಾಗೆ ಕೊಡೆ ಹಿಡಿದು ನಿಲ್ಲುತ್ತೇನೆ, ಐಸು ನನ್ನ ಜವಾಬ್ದಾರಿ.

ಆದರೆ ಪತ್ರ ಹೋಗುವ ಮೊದಲೇ ಮಾತು ಬೇರೆ ಕಡೆಗೆ ತಿರುಗಿತು. ಮರುದಿನ ಊಟದ ಹೊತ್ತಿಗೆ ಶೀಲಾವತಿ ಚಟ್ನಿಯ ಬಟ್ಟಲು ಮುಂದಿಟ್ಟುಕೊಂಡು ಕುಳಿತಿದ್ದಳು. ನಾನು ಅದನ್ನು ತಿನ್ನಬೇಡವೆಂದೆ. ಮೀನನ್ನು ತೊಳೆದೇ ಮಾಡಿದ್ದು ಎಂದು ದೊಡ್ಡಮ್ಮ ಗದರಿಸಿದರು. ಆ ಪುಡಿ ನೀರಿಗೆ ಜಗ್ಗುವುದಿಲ್ಲ, ಕೊಬ್ಬನ್ನು ಹಿಡಿದು ಕೂರುತ್ತದೆ, ತಿಂದವರ ಮೈಗೆ ಬಂದರೂ ಅಲ್ಲೇ ಕೂರುತ್ತದೆ ಎಂದೆ. ಅವರು ಸೌಟು ಹಿಡಿದುಕೊಂಡೇ ನನ್ನ ಮುಖವನ್ನು ನೋಡಿದರು.

"ನೀನು ನಗಾಡುದಿಲ್ಲ" ಎಂದರು.

ನಾನು ನಗುತ್ತಿರಲಿಲ್ಲ.

ಅವರ ಒಲೆಯ ಪಕ್ಕದಲ್ಲಿ ಊರಿನಿಂದ ತಂದ ಮಣ್ಣಿನ ಪಾತ್ರೆಯೊಂದಿದೆ. ಮೀನಿನ ಸಾರಿಗೆ ಅದೇ ಆಗಬೇಕು. ಸೋಪು ತಾಗಿಸುವ ಹಾಗಿಲ್ಲ, ತೊಳೆದು ಬಿಸಿಲಿಗೆ ಇಟ್ಟರೂ ಅದರ ಮೈಯಲ್ಲಿ ಹೀರಿಕೊಂಡ ಸಾರಿನ ಎಣ್ಣೆ, ವಾಸನೆ ಹೋಗುವುದಿಲ್ಲ. ದೊಡ್ಡಮ್ಮ ಆ ಪಾತ್ರೆಯ ಕಡೆಗೆ ನೋಡಿ, "ಇದರ ಹಾಗೆಯಾ?" ಎಂದು ಕೇಳಿದರು. ಹೌದೆಂದೆ. ಅವರು ಸೊಸೆಯ ಮುಂದಿನ ಬಟ್ಟಲನ್ನು ಎತ್ತಿಕೊಂಡರು. ಶೀಲಾವತಿ ಅತ್ತಳು. ಮೊದಲು ಚಟ್ನಿಗಾಗಿ ಅತ್ತಳು, ಅದನ್ನು ನೋಡಿ ನಮಗೆ ನಗು ಬಂದದ್ದೂ ನಿಜ. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದಳು:

"ಇಷ್ಟು ದಿನ ತಿಂದದ್ದು, ಚೆನ್ನಣ್ಣ?"

ಮಾನ್ಯರೇ, ನಾನು ಎಲ್ಲದಕ್ಕೂ ಒಂದು ಉತ್ತರ ಹುಟ್ಟಿಸಬಲ್ಲೆನೆಂದು ಈ ಚಾಳಿನಲ್ಲಿ ಹೆಸರು ಪಡೆದವನು. ಅವತ್ತು ನೀರು ಕುಡಿದು ಎದ್ದು ಬಂದೆ. ಮರುದಿನವೇ ಫ್ಯಾನಿನ ಆಸೆಯಿಲ್ಲದೆ ಲೈಬ್ರರಿಗೆ ಹೋಗಿ ಆ ಪತ್ರಿಕೆಯನ್ನು ಮತ್ತೆ ಮೊದಲಿನಿಂದ ಓದಿದೆ. ತಮ್ಮ ಕೊಬ್ಬಿನಲ್ಲಿ ಎಷ್ಟಿತ್ತೆಂದು ಅಲ್ಲಿ ಬರೆದಿದ್ದರು. ಅದನ್ನು ಇಟ್ಟುಕೊಂಡ ಮೇಲೆ ತಾವು ಹೇಗಿದ್ದೀರೆಂದು ಒಬ್ಬನೂ ತಮ್ಮನ್ನು ಕೇಳಿದ ಹಾಗೆ ಕಾಣಲಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ದೊಡ್ಡಮ್ಮ ಹೊಸ ಮೀನು ತಂದು ಬರೀ ಉಪ್ಪಿನಲ್ಲಿ ಒಣಗಿಸುತ್ತಿದ್ದಾರೆ. ನೊಣಗಳು ಸಂತೋಷದಿಂದ ಮರಳಿ ಬಂದಿವೆ. ಅವುಗಳನ್ನು ಓಡಿಸಲು ಚಾಳಿನವರು ಸರದಿಯಲ್ಲಿ ಬೀಸಣಿಗೆ ಹಿಡಿದು ಮಾಳಿಗೆಯಲ್ಲಿ ಕೂರುತ್ತಾರೆ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಕರೀಮಸಾಬರ ಹೆಂಡತಿ ತಾಜಬಿ ಕೂಡ ತಮ್ಮ ಸರದಿ ತಪ್ಪಿಸುವುದಿಲ್ಲ, ಬಸುರಿಯ ಬಾಯಿಗೆ ಹೋಗುವುದಲ್ಲವೇ. ಪುಡಿ ಬಿದ್ದ ಹಳೆಯ ಮೀನಿನ ಗೋಣಿಯನ್ನೂ ಡಬ್ಬಿಯನ್ನೂ ಬಿಸಾಡಲು ದೊಡ್ಡಮ್ಮ ಹೊರಟರು, ಮೆಟ್ಟಿಲ ಬುಡದವರೆಗೆ ಹೋಗಿ ನಿಂತರು. "ಎಲ್ಲಿ ಬಿಸಾಡುದು? ಗಟಾರಕ್ಕೆ ಹಾಕಿದ್ರೆ ನಿನ್ನ ಆ ಮೀನಿಗೇ ಹೋಗುದಲ್ವಾ?" ಎಂದು ನನ್ನನ್ನೇ ಕೇಳಿದರು. ಬೇರೆ ದಾರಿ ತೋಚದೆ ಎರಡೂ ಈಗ ನನ್ನ ಮಂಚದ ಕೆಳಗಿವೆ. ನನ್ನ ಖೋಲಿಗೆ ಗೆಳೆಯರು ಬರುವುದನ್ನು ನಿಲ್ಲಿಸಿದ್ದಾರೆ, ತಿಗಣೆಗಳು ನಿಲ್ಲಿಸಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ರ ವಿನಂತಿ. ತಾವು ಇದುವರೆಗೆ ಸಂಗ್ರಹಿಸಿರುವುದನ್ನು ಮರಳಿ ಕಳಿಸುವುದು ಬೇಡ, ನಮಗೆ ಜಾಗವಿಲ್ಲ. ಇನ್ನು ಮುಂದೆ ಊಟಕ್ಕೆ ಮೊದಲು ಪ್ರತಿ ಸಿಗಡಿಯನ್ನೂ ಎಲ್ಲಿಂದ ಬಂದೆಯೆಂದು ವಿಚಾರಿಸುವುದಾದರೆ ಉಪಕಾರವಾದೀತು. ಈ ಡಬ್ಬಿಯನ್ನು ಎಲ್ಲಿ ಇಟ್ಟರೆ ತಮ್ಮ ಮನೆಗೆ ಬಾರದೆಂದು, ಅಂಥ ಜಾಗ ಭೂಮಿಯ ಮೇಲಿದ್ದರೆ, ತಿಳಿಸಬೇಕು.

ಮೊದಲಿಗೇ ಬರೆಯಬೇಕಾಗಿದ್ದ ಆ ಸಾಲಿಗೆ ಈಗ ಬಂದೆ. ನಮಗಿಂತ ಬಹಳ ಮೊದಲಿನಿಂದ ಅದನ್ನು ಮೈಯಲ್ಲಿಟ್ಟುಕೊಂಡವರು ತಾವು. ಕೇಳುವವಳು ಶೀಲಾವತಿ, ಬರೆಯುವವನು ಮಾತ್ರ ನಾನು: ತಮ್ಮ ಮಕ್ಕಳು ಕ್ಷೇಮವೇ? ಒಂದು ಸಾಲು ಬರೆದರೂ ಸಾಕು. ಮಳೆಗಾಲದ ನಡುವೆ ಹೆರಿಗೆ. ಅಷ್ಟರೊಳಗೆ ಉತ್ತರ ಬಂದರೆ ಅವಳು ನಿಶ್ಚಿಂತೆಯಿಂದ ಮಲಗಿಯಾಳು.

ತಮ್ಮ ವಿಶ್ವಾಸಿ,
ಚೆನ್ನಯ

ತಾ. ಕ.: ಪತ್ರವನ್ನು ಮಡಿಸುವಷ್ಟರಲ್ಲಿ ಹೊಸ ಸಮಾಚಾರ. ಕಮಿಟಿಯ ಡಬ್ಬಿ ಖಾಸಗಿ ಮಂಚದ ಕೆಳಗೆ ಇರುವುದು ಸರಿಯಲ್ಲವೆಂದು ರಮಾನಾಥರು ನಾನು ಸ್ನಾನಕ್ಕೆ ಹೋದಾಗ ಅದನ್ನು ಒಯ್ದು, ಪುಡಿಯನ್ನು ಚಾಳಿನ ಹಿಂದಿನ ನಾಲೆಗೆ ಸುರಿದು, ಗೋಣಿಯ ಮೀನುಗಳನ್ನೂ ಮತ್ತೆ ನೀರಿಗೆ ಬಿಟ್ಟಿದ್ದಾರೆ. ಡಬ್ಬಿಯನ್ನು ಚೆನ್ನಾಗಿ ತೊಳೆದು ಮನೆಯ ಸಕ್ಕರೆ ತುಂಬಿಸಿ, ನನ್ನನ್ನು ಚಹಕ್ಕೆ ಕರೆದಿದ್ದಾರೆ, ನಾನು ಹೋಗಿಲ್ಲ. ನಾಲೆ ಮೀಠಿ ನದಿಗೆ ಸೇರುತ್ತದೆ, ಮೀಠಿ ಮಾಹಿಮಿನ ಖಾಡಿಯಲ್ಲಿ ಕಡಲಿಗೆ, ಅಲ್ಲಿಂದ ಮುಂದಿನ ದಾರಿ ತಮಗೆ ಗೊತ್ತು. ಪಾರ್ಸಲ್ ಹೊರಟಿದೆಯೆಂದು ತಿಳಿಯಬೇಕು. ಮುಟ್ಟಿದ್ದಕ್ಕೆ ರಸೀದಿ ಬೇಡ; ಇಟ್ಟುಕೊಳ್ಳುವ ವಿಷಯದಲ್ಲಿ ತಮ್ಮ ಮೇಲೆ ನಮ್ಮ ಕಮಿಟಿಗೆ ಪೂರ್ಣ ವಿಶ್ವಾಸವಿದೆ.